ಕೆಳಗೆ ಯಾರೂ ಇಲ್ಲ

ಸಿಂಗಾಪುರ
೬ ಮಾರ್ಚ್ ೧೯೯೪

ಪೂಜ್ಯ ಭಾವನವರಿಗೆ ಉಪೇಂದ್ರ ಮಾಡುವ ನಮಸ್ಕಾರಗಳು.

ನಿಮ್ಮ ತಂಗಿ ವತ್ಸಲಾ ಫೋನಿನಲ್ಲಿ ಸುದ್ದಿ ಮುಟ್ಟಿಸಿರುತ್ತಾಳೆ. ಆದರೂ ಮನೆಯ ಯಜಮಾನನ ಕೈಯಿಂದ ಒಂದು ಪತ್ರ ಹೋಗುವುದು ಕ್ರಮ ಎಂದು ಬರೆಯುತ್ತಿದ್ದೇನೆ. ಬಿಶಾನಿನ ಹನ್ನೊಂದನೇ ಮಹಡಿಯ ಫ್ಲ್ಯಾಟು ಬಿಟ್ಟು ಸ್ವಂತ ನೆಲದ ಮೇಲಿನ ಮನೆಗೆ ಬಂದಿದ್ದೇವೆ. ಬುಕಿತ್ ತಿಮಾ ಗುಡ್ಡದ ಇಳಿಜಾರಿನಲ್ಲಿದೆ. ಈ ಊರಿನಲ್ಲಿ ಕಾಲ ಕೆಳಗೆ ಸ್ವಂತ ಮಣ್ಣು ಇರುವುದೆಂದರೆ ಏನು ಎಂಬುದು ಮೈಸೂರಿನಲ್ಲಿ ಕುಳಿತವರಿಗೆ ತಿಳಿಯುವುದು ಕಷ್ಟ. ತಂಜಾಂಗ್ ಪಗಾರಿನ ನಮ್ಮ ಬ್ಯಾಂಕಿನಲ್ಲಿ ನನಗಿಂತ ಮೇಲಿರುವ ಇಬ್ಬರು ಇನ್ನೂ ಕಾಂಡೊ ಫ್ಲ್ಯಾಟಿನಲ್ಲೇ ಇದ್ದಾರೆ.

ಮನೆಗೆ ಬೇಸ್‌ಮೆಂಟ್ ಇದೆ. ಹಿಂದಿನ ಮಾಲೀಕ ಅದನ್ನು ಗೋದಾಮಿನಂತೆ ಬಿಟ್ಟಿದ್ದ. ಒರಟು ಸಿಮೆಂಟಿನ ನೆಲ, ಕಿಟಕಿಯಿಲ್ಲ, ಹಿಂಬದಿಗೆ ಗೋಡೆಯೇ ಇಲ್ಲ, ಗುಡ್ಡದ ಬಂಡೆಯೇ ಗೋಡೆ. ಮಳೆ ಬಂದರೆ ಬಂಡೆ ಬೆವರುತ್ತದೆ. ನಾನು ಅದನ್ನು ಪೂರ್ತಿ ಫಿನಿಶ್ ಮಾಡಿಸುತ್ತಿದ್ದೇನೆ. ಬಂಡೆ ಕಾಣದಂತೆ ಮರದ ಪ್ಯಾನೆಲ್, ನೆಲಕ್ಕೆ ಕಾರ್ಪೆಟ್, ಫಾಲ್ಸ್ ಸೀಲಿಂಗ್, ಎಸಿ. ಮಗಳು ಧೃತಿಯ ಪಿಯಾನೊ ಅಲ್ಲಿಗೆ ಹೋಗುತ್ತದೆ. ಹನ್ನೊಂದು ವರ್ಷಕ್ಕೆ ಪಿಯಾನೊ ಪರೀಕ್ಷೆಯ ನಾಲ್ಕನೇ ಗ್ರೇಡು ಮುಗಿಸಿದ್ದಾಳೆ. ದಿನಕ್ಕೆ ಮೂರು ಗಂಟೆ ನುಡಿಸುತ್ತಾಳೆ.

ನಿಮ್ಮ ಕಿರಿಯ ತಂಗಿ ಮೈಥಿಲಿ ಚೆನ್ನಾಗಿದ್ದಾಳೆ. ಆರು ತಿಂಗಳಿಗೆಂದು ಬಂದವಳಿಗೆ ಎರಡು ವರ್ಷವಾಯಿತು, ನಾವೇನೂ ಎಣಿಸುತ್ತ ಕುಳಿತಿಲ್ಲ. ಅಡುಗೆ, ಮಗುವಿನ ಸ್ಕೂಲ್ ಬಸ್ಸು, ಎಲ್ಲ ಅವಳದೇ. ಅಡುಗೆಮನೆಯ ಪಕ್ಕದ ಚಿಕ್ಕ ರೂಮನ್ನು ಅವಳಿಗೇ ಬಿಟ್ಟುಕೊಟ್ಟಿದ್ದೇವೆ.

ಕೋಲಾರದ ಗಣಿಯಲ್ಲಿ ಮೂವತ್ತು ವರ್ಷ ಹೆಗ್ಗಣದಂತೆ ಓಡಾಡಿ ನಿವೃತ್ತರಾದವರು ನೀವು. ನೆಲದ ಕೆಳಗೂ ಮನುಷ್ಯರು ಮರ್ಯಾದೆಯಾಗಿ ಬದುಕಬಹುದು ಎಂಬುದನ್ನು ಒಮ್ಮೆ ಬಂದು ನೋಡಿ.

ಇಂತಿ,
ಉಪೇಂದ್ರ


ಮೈಸೂರು
೨೯ ಮಾರ್ಚ್ ೧೯೯೪

ಚಿ. ಉಪೇಂದ್ರನಿಗೆ ಆಶೀರ್ವಾದಗಳು.

ಪತ್ರ ತಲುಪಿತು. ನನ್ನ ಹೆಂಡತಿ ಶ್ರೀವಿದ್ಯಾ ಓದಿ, "ಅರಮನೆ ನೋಡೋಕೆ ಟಿಕೆಟ್ ಇಟ್ಟಿದ್ದಾರಂತಾ ಕೇಳಿ" ಎಂದಳು. ಕೇಳಿದ್ದೇನೆ.

ಎರಡು ಪುಟದ ಆತ್ಮಪ್ರಶಂಸೆಯಲ್ಲಿ ನನ್ನ ಉಪಯೋಗಕ್ಕೆ ಬಂದ ಸಾಲು ಒಂದೇ. ಹಿಂದಿನ ಗೋಡೆ ಬಂಡೆ, ಅದು ಬೆವರುತ್ತದೆ. ಆ ಗುಡ್ಡ ಗ್ರಾನೈಟಿನದು. ಗ್ರಾನೈಟಿನಲ್ಲಿ ಯುರೇನಿಯಂ ಎಳ್ಳಷ್ಟು ಇದ್ದೇ ಇರುತ್ತದೆ. ಅದು ಯುಗಗಟ್ಟಲೆ ಸವೆಯುತ್ತ ಸವೆಯುತ್ತ ರೇಡಾನ್ ಎಂಬ ಅನಿಲ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಬರುವ ಬಿರುಕಿನಲ್ಲೇ ಅದೂ ಬರುತ್ತದೆ. ಬಯಲಿನಲ್ಲಿ ಗಾಳಿಗೆ ಸೇರಿ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶವನ್ನು ವರ್ಷಗಟ್ಟಲೆ ಸುಡುತ್ತದೆ, ಗೊತ್ತೇ ಆಗದಷ್ಟು ಸಣ್ಣಗೆ. ಕ್ಯಾನ್ಸರ್ ಆಗಿ ತಲೆಯೆತ್ತಲು ಇಪ್ಪತ್ತು ವರ್ಷವೂ ಹಿಡಿಯಬಹುದು. ನಿನ್ನ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಒಳಗೇ ಬಿಡುವ ಯಂತ್ರ. ಅದರಿಂದ ವಿಷ ತಂಪಾಗುತ್ತದೆ, ಅಷ್ಟೇ.

ಗಣಿಯಲ್ಲಿ ನನ್ನ ಕೆಲಸ ಚಿನ್ನದ್ದಲ್ಲ, ಗಾಳಿಯದು. ಫ್ಯಾನು ನಿಂತ ಸುರಂಗಕ್ಕೆ ಮೇಲಿನವರು ಕೂಗಾಡಿದರೂ ಒಬ್ಬನನ್ನೂ ಇಳಿಸುತ್ತಿರಲಿಲ್ಲ. ಹೆಗ್ಗಣಕ್ಕೆ ಅಷ್ಟು ಬುದ್ಧಿ ಇರುತ್ತದೆ.

ಮೊದಲು ಅಳೆ, ಆಮೇಲೆ ಹಲಗೆ ಹೊಡೆಸು. ಈ ಪತ್ರದ ಹಿಂದೆಯೇ ಒಂದು ಪಾರ್ಸೆಲ್ ಬರುತ್ತದೆ. ಅದರಲ್ಲಿ ನಾಲ್ಕು ಪ್ಲಾಸ್ಟಿಕ್ ಲೋಟಗಳಿವೆ. ಒಂದೊಂದರ ತಳದಲ್ಲೂ ಉಗುರಿನಷ್ಟು ಫಿಲ್ಮು ಅಂಟಿಸಿದೆ. ರೇಡಾನ್ ಆ ಫಿಲ್ಮನ್ನು ಕಚ್ಚಿ ಗುರುತು ಮಾಡುತ್ತದೆ. ಸುತ್ತಿದ ಬೆಳ್ಳಿಕಾಗದ ಬಿಚ್ಚಿ ನಾಲ್ಕನ್ನೂ ಬೇಸ್‌ಮೆಂಟಿನ ನಾಲ್ಕು ಮೂಲೆಗೆ ತೂಗುಹಾಕು. ಬಾಗಿಲು ಮುಚ್ಚಿರಲಿ. ಮೂರು ತಿಂಗಳ ಮೇಲೆ ಮತ್ತೆ ಸುತ್ತಿ ಕಳಿಸು. ಇಲ್ಲಿ ಕಾಲೇಜಿನ ಲ್ಯಾಬಿನಲ್ಲಿ ನನ್ನ ಸ್ನೇಹಿತ ಶ್ರೀಕಂಠ ಇದ್ದಾನೆ, ನಾವಿಬ್ಬರೂ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ.

ಹೆಚ್ಚಿದ್ದರೆ ಭಯಪಡುವ ಕಾರಣವಿಲ್ಲ. ನೆಲ ಕೊರೆದು ಕೆಳಗಿನ ಜಲ್ಲಿಯವರೆಗೆ ಪೈಪು ಇಳಿಸಿ, ಹೊರಗೋಡೆಯುದ್ದಕ್ಕೂ ಸೂರಿನ ಮೇಲಕ್ಕೆ ಒಯ್ದು ಒಂದು ಫ್ಯಾನು ಕೂರಿಸಬೇಕು. ಬಂಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಹಿಂದಿನ ಗಾಳಿಯನ್ನೂ ಅದೇ ಪೈಪಿಗೆ ಸೇರಿಸಬೇಕು. ಬಿರುಕಿಗೆ ಬರೀ ಸಿಮೆಂಟು ಮೆತ್ತಿದರೆ ಸಾಲದು. ಕಾರ್ಪೆಟ್ ಹಾಸುವ ಮುಂಚೆ ಇದು ಎರಡು ದಿನದ ಕೆಲಸ, ಹಾಸಿದ ಮೇಲೆ ಇಡೀ ಕೋಣೆ ಕೀಳಬೇಕು.

ಮಗು ದಿನಕ್ಕೆ ಮೂರು ಗಂಟೆ ಅಲ್ಲಿ ಕೂರುತ್ತದೆಂದು ನೀನೇ ಬರೆದಿದ್ದೀಯ.

ಹಯಗ್ರೀವ


ಸಿಂಗಾಪುರ
೨೪ ಏಪ್ರಿಲ್ ೧೯೯೪

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಪಾರ್ಸೆಲ್ ಬಂತು. ಮನೆಯೊಕ್ಕಲಿಗೆ ಎಲ್ಲರ ಅಣ್ಣಂದಿರೂ ಬೆಳ್ಳಿಲೋಟ ಕಳಿಸುತ್ತಾರೆ, ನಮ್ಮ ಪಾಲಿಗೆ ಪ್ಲಾಸ್ಟಿಕ್ಕಿನದು ಬಂತು. ಈ ಮಾತಿಗೆ ವತ್ಸಲಾ ನಗಲಿಲ್ಲ.

ನಿಮ್ಮ ಪಾಠವನ್ನು ನಾನು ಹಾಗೇ ತಳ್ಳಿಹಾಕಲಿಲ್ಲ. ನಮ್ಮ ಕಂಟ್ರಾಕ್ಟರ್ ಕೋಹ್‌ನನ್ನು ಕೇಳಿದೆ. ಕಾಕಿ ಬುಕಿತ್‌ನಲ್ಲಿ ದೊಡ್ಡ ವರ್ಕ್‌ಶಾಪ್ ಇಟ್ಟಿದ್ದಾನೆ, ಇಪ್ಪತ್ತು ವರ್ಷದ ಅನುಭವ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯಾ, ಬೇಸ್‌ಮೆಂಟ್ ಪ್ರಾಬ್ಲಂ ಓನ್ಲಿ ವಾಟರ್ ಲಾ! ಗ್ಯಾಸ್ ವೇರ್ ಗಾಟ್?" ಎಂದ. ನೆಲಮಾಳಿಗೆಗೆ ನೀರಿನದೊಂದೇ ತೊಂದರೆ, ಗ್ಯಾಸು ಎಲ್ಲಿಂದ ಬರಬೇಕು ಎಂದು ಅವನ ಮಾತು. ನಮ್ಮ ಬ್ಯಾಂಕಿನ ಎಂಜಿನಿಯರಿಂಗ್ ಪದವೀಧರ ಕುಶಾಲ್ ಕೂಡ, "ಸಾರ್, ಅದೆಲ್ಲ ಅಮೆರಿಕಾದ ಚಳಿ ಊರಿನೋರ ಭಯ. ಇಲ್ಲಿ ವರ್ಷವೆಲ್ಲ ಕಿಟಕಿ ತೆಗೆದೇ ಇರತ್ತಲ್ಲ" ಎಂದ. ಬೇಸ್‌ಮೆಂಟಿಗೆ ಕಿಟಕಿ ಇಲ್ಲವೆಂದು ನಾನು ಅವನಿಗೆ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ.

ಭಾವ, ಸಿಟ್ಟಾಗಬೇಡಿ. ನಿವೃತ್ತರಿಗೆ ಹೊತ್ತು ಹೋಗುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಕೆಲವರು ತುಳಸೀಮಣಿ ಎಣಿಸುತ್ತಾರೆ, ನೀವು ಫಿಲ್ಮಿನ ತೂತು ಎಣಿಸುತ್ತೀರಿ. ಆದರೆ ಸುರಂಗದಲ್ಲಿ ಬದುಕಿದವರಿಗೆ ಎಲ್ಲರ ಮನೆಯೂ ಸುರಂಗದಂತೆಯೇ ಕಾಣುತ್ತದೆ. ಇದು ಸಿಂಗಾಪುರ. ಇಲ್ಲಿ ಸೊಳ್ಳೆ ಮೊಟ್ಟೆಯಿಟ್ಟರೂ ಸರ್ಕಾರದವರು ಬಂದು ಹೂಕುಂಡ ನೋಡುತ್ತಾರೆ. ಗಾಳಿಯಲ್ಲಿ ವಿಷವಿದ್ದರೆ ಬಿಡುತ್ತಾರೆಯೇ?

ವತ್ಸಲಾ ಸಮಾಧಾನಕ್ಕೆ ಲೋಟಗಳನ್ನು ತೂಗುಹಾಕಿಸಿದ್ದೇನೆ. ಬೇಸ್‌ಮೆಂಟ್ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿಯನ್ನೂ ನನ್ನ ಕೈಯಿಂದಲೇ ಬರೆದು ಅಂಟಿಸಿದ್ದೇನೆ. ಕೆಲಸ ಮಾತ್ರ ನಿಲ್ಲಿಸುವುದಿಲ್ಲ. ಆಗಸ್ಟ್‌ನಲ್ಲಿ ಧೃತಿಯ ಪಿಯಾನೊ ಕಛೇರಿಗೆ ನಲವತ್ತು ಜನರನ್ನು ಕರೆದಾಗಿದೆ.

ಉಪೇಂದ್ರ


ಸಿಂಗಾಪುರ
೮ ಆಗಸ್ಟ್ ೧೯೯೪

ಭಾವನವರಿಗೆ,

ನಿಮ್ಮ ನಾಲ್ಕು ಲೋಟ ವಾಪಸ್ ಕಳಿಸುತ್ತಿದ್ದೇನೆ. ನಾಲ್ಕೂ ಬೇಸ್‌ಮೆಂಟಿನಲ್ಲಿಯೇ ಇದ್ದವು, ನೀವು ಹೇಳಿದ ಮೂಲೆಗಳಲ್ಲಿಯೇ. ಕೋಣೆ ಮುಗಿಯಿತು. ಕಛೇರಿ ಭರ್ಜರಿಯಾಯಿತು. ಬಂದವರೆಲ್ಲ ಗೋಡೆ ಸವರಿ ಸವರಿ ನೋಡಿದರು.

ಉಪೇಂದ್ರ


ಮೈಸೂರು
೩ ಅಕ್ಟೋಬರ್ ೧೯೯೪

ಉಪೇಂದ್ರ,

ಫಲಿತಾಂಶ ಕೆಳಗಿದೆ. ಘನ ಮೀಟರ್ ಗಾಳಿಗೆ ಇಷ್ಟು ಬೆಕೆರೆಲ್ ವಿಕಿರಣ ಎಂದು ಓದಿಕೊ. ಇನ್ನೂರು ದಾಟಿದರೆ ಏನಾದರೂ ಮಾಡಬೇಕು ಎಂಬುದು ತಿಳಿದವರ ಮಾತು.

ನಿನ್ನ ಮೊದಲನೆಯ ಲೋಟದಲ್ಲಿ ಹದಿನೆಂಟು. ಎರಡನೆಯದರಲ್ಲಿ ಇಪ್ಪತ್ತೊಂದು. ಮೂರನೆಯದರಲ್ಲಿ ಹತ್ತೊಂಬತ್ತು. ನಾಲ್ಕನೆಯದರಲ್ಲಿ ಎಂಟುನೂರ ಎಪ್ಪತ್ತು.

ಶ್ರೀಕಂಠ ನಾಲ್ಕನೆಯದನ್ನು ಎರಡು ಸಲ ಎಣಿಸಿದ, ನಾನು ಮೂರು ಸಲ. ಆಮೇಲೆ ಅವನು ಕನ್ನಡಕ ತೆಗೆದು, "ಹಯಗ್ರೀವ, ಈ ಮೂರು ಲೋಟ ನೆಲದ ಕೆಳಗೆ ಇಳಿದೇ ಇಲ್ಲ ಕಣೋ" ಎಂದ. ಒಂದೇ ಕೋಣೆಯ ಮೂರು ಮೂಲೆಯಲ್ಲಿ ಹೂದೋಟದ ಗಾಳಿ, ನಾಲ್ಕನೆಯ ಮೂಲೆಯಲ್ಲಿ ಗಣಿಯ ಗಾಳಿ ಇರುವುದಿಲ್ಲ. ಮೇಲಿನ ವರಾಂಡದಲ್ಲಿ ತೂಗುಹಾಕಿದೆಯೋ, ಬಟ್ಟೆ ಒಣಗುವ ಜಾಗದಲ್ಲೋ? ಮೂರನೆಯದರ ದಾರಕ್ಕೆ ಬಟ್ಟೆ ಕ್ಲಿಪ್ಪಿನ ತುಕ್ಕು ಅಂಟಿದೆ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶ್ರಮಪಡಬೇಕಪ್ಪ. ದೊಡ್ಡ ಬ್ಯಾಂಕಿನಲ್ಲಿ ಅಷ್ಟಾದರೂ ಕಲಿಸುವುದಿಲ್ಲವೇ?

ಇನ್ನು ನಾಲ್ಕನೆಯದು. ಹೊರಗಡೆ ನಿನ್ನ ದಪ್ಪ ಇಂಗ್ಲಿಷ್ ಅಕ್ಷರ. ಲೋಟದ ಒಳಗಡೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರ: "ಬಂಡೆಯ ಪಕ್ಕ. ನಿಜವಾಗಿ." ಆ ಅಕ್ಷರ ನನಗೆ ಗೊತ್ತು. ಕೋಲಾರದ ಗಣಿಯ ಚಾಂಪಿಯನ್ ರೀಫಿನ ಶಾಲೆಯಲ್ಲಿ ಹದಿನೈದು ವರ್ಷ ವಿಜ್ಞಾನ ಕಲಿಸಿದ ಅಕ್ಷರ ಅದು. ನೀನು ಮೈಥಿಲಿಯ ಕೈಗೆ ಲೋಟ ಕೊಟ್ಟು, ಎಲ್ಲಿ ತೂಗುಹಾಕಬೇಕೆಂದು ಹೇಳಿ ಆಫೀಸಿಗೆ ಹೋಗಿರಬೇಕು. ಅವಳು ಮೂರನ್ನು ನಿನ್ನ ಮಾತಿನಂತೆ ಹಾಕಿ, ಒಂದನ್ನು ವಿಜ್ಞಾನದ ಮಾತಿನಂತೆ ಹಾಕಿದ್ದಾಳೆ. ಆ ಮನೆಯಲ್ಲಿ ಒಬ್ಬರಿಗಾದರೂ ತಲೆ ಇದೆಯೆಂದು ಸಂತೋಷವಾಯಿತು.

ಕಾರ್ಪೆಟ್ ಕೀಳಿಸು. ನೆಲ ಕೊರೆಸು. ಅಲ್ಲಿಯವರೆಗೆ ಮಗು ಕೆಳಗೆ ಇಳಿಯಬಾರದು.

ಹಯಗ್ರೀವ


ಸಿಂಗಾಪುರ
೩೦ ಅಕ್ಟೋಬರ್ ೧೯೯೪

ಹಯಗ್ರೀವರಾಯರಿಗೆ,

ನಾಲ್ಕರಲ್ಲಿ ಮೂರು ಸರಿಯಿದ್ದು ಒಂದು ಮಾತ್ರ ಆಕಾಶಕ್ಕೆ ಹಾರಿದರೆ ನಾವು ಅದನ್ನು ದೋಷ ಎನ್ನುತ್ತೇವೆ. ನೀವು ಅದನ್ನೇ ಸತ್ಯ ಎನ್ನುತ್ತೀರಿ. ಯಾವ ಲೋಟ ಎಲ್ಲಿ ತೂಗುತ್ತಿತ್ತು ಎಂಬ ಪತ್ತೇದಾರಿಕೆಗೆ ಉತ್ತರ ಕೊಡುವ ಕೆಲಸ ನನ್ನದಲ್ಲ. ಕಾರ್ಪೆಟ್ ಕೀಳಿಸುವ ಮಾತಂತೂ ಇಲ್ಲವೇ ಇಲ್ಲ.

ಆದರೂ ನಿಮ್ಮ ಪತ್ರವನ್ನು ವತ್ಸಲಾ ನನಗಿಂತ ಮೊದಲು ಒಡೆದು ಓದಿಬಿಟ್ಟಳು. ಮಗುವನ್ನು ಕೆಳಗೆ ಇಳಿಯಲು ಬಿಡಲಿಲ್ಲ. ಪಿಯಾನೊ ಟ್ಯೂನರ್ ಕೂಡ, ಕೆಳಗೆ ತೇವ ಜಾಸ್ತಿ, ವಾದ್ಯಕ್ಕೆ ಒಳ್ಳೆಯದಲ್ಲ ಎಂದ. ಹಾಗಾಗಿ ಪಿಯಾನೊವನ್ನು ಅಡುಗೆಮನೆ ಪಕ್ಕದ ಚಿಕ್ಕ ರೂಮಿಗೆ ಶಿಫ್ಟ್ ಮಾಡಿಸಿದ್ದೇವೆ. ಅಲ್ಲಿದ್ದ ಮೈಥಿಲಿಯ ಮಂಚ ಕೆಳಗೆ ಹೋಯಿತು. ಕಾರ್ಪೆಟ್, ಎಸಿ, ಪಕ್ಕದಲ್ಲೇ ಬಾತ್‌ರೂಮು. ಅವಳ ಜನ್ಮದಲ್ಲಿ ಇಂಥ ರೂಮು ಕಂಡಿರಲಿಲ್ಲ.

ಧೃತಿ ಈಗ ಕೆಳಗೆ ಇಳಿಯುವುದಿಲ್ಲ. ನಾನೂ ವತ್ಸಲಾ ಮೊದಲೇ ಇಳಿಯುತ್ತಿರಲಿಲ್ಲ. ಒಟ್ಟಿನಲ್ಲಿ ಕೆಳಗೆ ಯಾರೂ ಇಲ್ಲ. ಆದ್ದರಿಂದ ಈ ವಿಷಯ ಇಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಇನ್ನು ಮುಂದೆ ಇದರ ಬಗ್ಗೆ ಏನಾದರೂ ಬರೆಯುವುದಿದ್ದರೆ ನನ್ನ ಆಫೀಸಿನ ವಿಳಾಸಕ್ಕೆ ಬರೆಯಿರಿ.

ಉಪೇಂದ್ರ


ಮೈಸೂರು
೨೧ ನವೆಂಬರ್ ೧೯೯೪

ಉಪೇಂದ್ರ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಿನ್ನ ಕನ್ನಡದಲ್ಲಿ ತಪ್ಪಿದೆಯೋ, ನನ್ನ ಕಣ್ಣಿನಲ್ಲಿ ದೋಷವಿದೆಯೋ ಎಂದು ನೋಡಲು. ಎರಡೂ ಇಲ್ಲ. "ಮೈಥಿಲಿಯ ಮಂಚ ಕೆಳಗೆ ಹೋಯಿತು" ಎಂದು ಬರೆದಿದ್ದೀಯ. ಅದರ ಕೆಳಗೆ, ಅದೇ ಶಾಯಿಯಲ್ಲಿ, "ಕೆಳಗೆ ಯಾರೂ ಇಲ್ಲ" ಎಂದು ಬರೆದಿದ್ದೀಯ.

ಲೋಟದ ಲೆಕ್ಕ ಸುಳ್ಳೆಂದು ನೀನು ನಿಜವಾಗಿ ನಂಬಿದ್ದರೆ ಮಗಳನ್ನು ಅಲ್ಲೇ ಕೂರಿಸುತ್ತಿದ್ದೆ. ನಿನಗೆ ನಂಬಿಕೆ ಬಂದಿದೆ. ನಂಬಿಕೆ ಬಂದ ಮೇಲೂ, ಸತ್ಯ ತೋರಿಸಿದವಳನ್ನೇ ಆ ಸತ್ಯದ ಪಕ್ಕದಲ್ಲಿ ಮಲಗಿಸಿದ್ದೀಯ. ಮಗು ಮೂರು ಗಂಟೆ ಇರುತ್ತಿದ್ದ ಜಾಗದಲ್ಲಿ ಅವಳು ಒಂಬತ್ತು ಗಂಟೆ ಇರುತ್ತಾಳೆ. ಮರದ ಪೆಟ್ಟಿಗೆಗೆ ತೇವವಾಗಬಾರದು, ಅದಕ್ಕೆ ಮೇಲಿನ ರೂಮು.

ಗಣಿಯಲ್ಲಿ ನಾನು ಬಗೆಬಗೆಯ ಜನರನ್ನು ಕಂಡೆ. ಕುಡುಕರು, ಕಳ್ಳರು, ಚಿನ್ನದ ಮಣ್ಣನ್ನು ಬಾಯಲ್ಲಿಟ್ಟುಕೊಂಡು ಮೇಲೆ ಬಂದವರು. ಕೆಳಗೆ ಸಿಕ್ಕಿಬಿದ್ದವರ ತಲೆ ಎಣಿಸುವಾಗ ಅವರಲ್ಲಿ ಒಬ್ಬನೂ ತನಗಾಗದವನನ್ನು ಬಿಟ್ಟು ಎಣಿಸಿದ್ದನ್ನು ನಾನು ನೋಡಲಿಲ್ಲ. ಅಂಥ ನೀಚತನ ಕಾಣಲು ನಾನು ಕಾರ್ಪೆಟ್ ಹಾಸಿದ ಮನೆಯ ಪತ್ರ ಓದಬೇಕಾಯಿತು.

ಈ ಪತ್ರ ತಲುಪಿದ ದಿನವೇ ಅವಳನ್ನು ಮೇಲೆ ತರಬೇಕು.

ಹಯಗ್ರೀವ


ಸಿಂಗಾಪುರ
೧೧ ಡಿಸೆಂಬರ್ ೧೯೯೪

ರಾಯರೇ,

ತಲೆ ಎಣಿಸುವ ವಿಷಯ ಎತ್ತಿದ್ದೀರಿ. ಎಣಿಸೋಣ.

ಗಣಿಯ ಶಾಲೆ ಮುಚ್ಚಿದ ಮೇಲೆ ಮೈಥಿಲಿ ಮೊದಲು ಬಂದದ್ದು ನನ್ನ ಮನೆಗಲ್ಲ, ಮೈಸೂರಿನ ನಿಮ್ಮ ಮನೆಗೆ. ಎಂಟು ತಿಂಗಳಿದ್ದಳು. ಆ ಎಂಟು ತಿಂಗಳೂ ಅವಳ ಟ್ರಂಕು ವರಾಂಡದಲ್ಲೇ ಇತ್ತಂತೆ, ಒಳಗೆ ಇಡಲು ಜಾಗ ಸಾಲದೆ. ನಿಮ್ಮ ಶ್ರೀಮತಿಯವರು ಎರಡು ಒಲೆ ಹೊತ್ತಿಸಿದ್ದರಂತೆ, ಅವಳ ಅಡುಗೆ ಬೇರೆ, ನಿಮ್ಮದು ಬೇರೆ. ಆಗ ನೀವು ಯಾವ ಫಿಲ್ಮಿನಲ್ಲಿ ಏನನ್ನು ಅಳೆಯುತ್ತಿದ್ದಿರಿ? ವತ್ಸಲಾ ಊರಿಗೆ ಬಂದಾಗ, "ಒಂದಾರು ತಿಂಗಳು ಇವಳನ್ನ ಕರ್ಕೊಂಡು ಹೋಗಮ್ಮ, ಗಾಳಿ ಬದಲಾವಣೆ ಆಗತ್ತೆ" ಎಂದವರು ನೀವು. ಗಾಳಿ ಬದಲಾವಣೆ! ನಿಮ್ಮದೇ ಶಬ್ದ.

ಆ ಆರು ತಿಂಗಳು ಮೂರು ವರ್ಷಕ್ಕೆ ಹತ್ತಿರವಾಯಿತು. ಒಂದು ಸಲವಾದರೂ, ಅವಳನ್ನು ವಾಪಸ್ ಕಳಿಸು ಎಂದು ಬರೆದಿರಾ? ದೀಪಾವಳಿಗೆ ವತ್ಸಲಾಗೆ ಕಾರ್ಡು ಬರುತ್ತದೆ, ಧೃತಿಗೆ ಬರುತ್ತದೆ. ಮೈಥಿಲಿಯ ಹೆಸರು ಕೊನೆಯ ಸಾಲಿನಲ್ಲಿ, "ಮನೆಯವರಿಗೆಲ್ಲ" ಎಂಬ ಮಾತಿನೊಳಗೆ ಸೇರಿರುತ್ತದೆ.

ಅವಳ ಶ್ವಾಸಕೋಶದ ಬಗ್ಗೆ ಅಷ್ಟೊಂದು ಕಾಳಜಿ ಇದ್ದರೆ ಕರೆಸಿಕೊಳ್ಳಿ. ಒಂದು ಸಾಲು ಬರೆಯಿರಿ, ಮುಂದಿನ ವಿಮಾನಕ್ಕೆ ಟಿಕೆಟ್ ಬುಕ್ ಮಾಡುತ್ತೇನೆ. ನಿಮ್ಮ ಮನೆಯ ಗಾಳಿ ಶುದ್ಧವಾಗಿದೆಯಲ್ಲ.

ಉಪೇಂದ್ರ


ಮೈಸೂರು
೨೦ ಮಾರ್ಚ್ ೧೯೯೫

ಉಪೇಂದ್ರ ಅವರಿಗೆ,

ಪತ್ರ ಬರೆಯಲು ಮೂರು ತಿಂಗಳು ತಡವಾಯಿತು. ಶ್ರೀವಿದ್ಯಾಗೆ ರಕ್ತದೊತ್ತಡ ಏರಿತ್ತು. ಮನೆಗೆ ಸುಣ್ಣಬಣ್ಣದ ಕೆಲಸವೂ ಹಿಡಿದಿತ್ತು.

ಮೈಥಿಲಿ ಇಲ್ಲಿಗೆ ಬರುವ ವಿಷಯ. ನನ್ನ ಅಭ್ಯಂತರವೇನೂ ಇಲ್ಲ. ಆದರೆ ಈಗ ಸಮಯ ಅನುಕೂಲವಾಗಿಲ್ಲ. ಹಿಂದಿನ ರೂಮನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಅವರನ್ನು ಏಕಾಏಕಿ ಏಳಿಸಲು ಬರುವುದಿಲ್ಲ. ಮಳೆಗಾಲ ಕಳೆಯಲಿ, ನೋಡೋಣ. ಅವಳಿಗೂ ಅಲ್ಲಿ ಮಗುವಿನ ಜೊತೆ ಹೊಂದಿಕೆಯಾಗಿದೆ ಎಂದು ವತ್ಸಲಾ ಹೇಳುತ್ತಾಳೆ.

ಸದ್ಯಕ್ಕೆ ಕೆಲಸ ಆಗಬೇಕಾದದ್ದು ಅಲ್ಲಿ. ಪೈಪು ಮತ್ತು ಫ್ಯಾನಿನ ನಕ್ಷೆಯನ್ನು ಅಳತೆ ಸಹಿತ ಬರೆದು ಕಳಿಸಿದ್ದೇನೆ. ಇಡೀ ಕಾರ್ಪೆಟ್ ಕೀಳಬೇಕಾಗಿಲ್ಲ, ಬಂಡೆಯ ಕಡೆ ಮೂರು ಅಡಿ ಮಡಚಿದರೆ ಸಾಕು. ಬಂಡೆಗೆ ಹೊಡೆಸಿದ ಹಲಗೆಯ ಅಂಚನ್ನು ಗಾಳಿಯಾಡದಂತೆ ಮುಚ್ಚಿದರೆ ಅದೇ ಹಾಳೆಯ ಕೆಲಸ ಮಾಡುತ್ತದೆ. ದಯವಿಟ್ಟು ಮಾಡಿಸಿ.

ಹಯಗ್ರೀವ


ಸಿಂಗಾಪುರ
೧೪ ಏಪ್ರಿಲ್ ೧೯೯೫

ರಾಯರೇ,

ನಾನು ನಿರೀಕ್ಷಿಸಿದ್ದ ಉತ್ತರವೇ ಬಂತು. "ದಯವಿಟ್ಟು" ಎಂಬ ಶಬ್ದ ನಿಮ್ಮ ಕೈಯಲ್ಲಿ ನೋಡಿ ಮಾತ್ರ ಆಶ್ಚರ್ಯವಾಯಿತು. ನಕ್ಷೆಯನ್ನು ಕಸದ ಬುಟ್ಟಿಗೆ ಹಾಕಿದ್ದೇನೆ.

ಬ್ಯಾಂಕಿನ ಕೆಲಸಕ್ಕೆಂದು ಆರು ವಾರ ಹಾಂಗ್‌ಕಾಂಗಿಗೆ ಹೋಗುತ್ತಿದ್ದೇನೆ, ಪತ್ರ ಬರೆದರೂ ಸಿಗುವುದಿಲ್ಲ. ಮೈಥಿಲಿಗೆ ಊರಿನಿಂದ ಏನೋ ಕಾಗದ ಬರುತ್ತಿವೆಯಂತೆ, ಯಾವುದೋ ಶಾಲೆಯದು. ನಲವತ್ತೆರಡಕ್ಕೆ ಯಾರು ಕೆಲಸ ಕೊಡುತ್ತಾರೆ? ಕನಸು ಕಾಣಲಿ ಎಂದು ಸುಮ್ಮನಿದ್ದೇನೆ.

ಉಪೇಂದ್ರ


ಸಿಂಗಾಪುರ
೨೭ ಆಗಸ್ಟ್ ೧೯೯೫

ಅಣ್ಣನಿಗೆ ಮತ್ತು ಭಾವನವರಿಗೆ,

ಈ ಪತ್ರವನ್ನು ಕಾರ್ಬನ್ ಇಟ್ಟು ಬರೆದಿದ್ದೇನೆ. ಒಂದು ಪ್ರತಿ ಮೈಸೂರಿಗೆ, ಒಂದು ಪ್ರತಿ ಮೇಲಿನ ಹಾಲಿನ ಮೇಜಿಗೆ. ಇಬ್ಬರಿಗೂ ಬೇರೆಬೇರೆ ಬರೆಯುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ.

ನಿಮ್ಮ ಪತ್ರಗಳನ್ನು ನಾನು ಓದಿದ್ದೇನೆ. ಆಫೀಸಿನ ವಿಳಾಸಕ್ಕೆ ಬಂದವೂ ಭಾವನವರ ಬ್ರೀಫ್‌ಕೇಸಿನಲ್ಲಿ ಮನೆಗೇ ಬರುತ್ತವೆ, ಬ್ರೀಫ್‌ಕೇಸ್ ಒರೆಸುವವಳು ನಾನು. ಭಾವ ಬರೆದ ಉತ್ತರಗಳ ಕರಡು ಕಸದ ಬುಟ್ಟಿಯಲ್ಲಿ ಸಿಗುತ್ತಿದ್ದವು. ಅಣ್ಣನ ನಕ್ಷೆಯೂ ಅಲ್ಲೇ ಸಿಕ್ಕಿತು. ಇಸ್ತ್ರಿ ಹಾಕಿ ಸರಿಮಾಡಿಕೊಂಡೆ. ಒಳ್ಳೆಯ ನಕ್ಷೆ ಅಣ್ಣ. ಫ್ಯಾನಿನ ವೇಗದ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿತ್ತು, ತಿದ್ದಿದ್ದೇನೆ.

ಭಾವ ಹಾಂಗ್‌ಕಾಂಗಿಗೆ ಹೋದ ಮೂರನೆಯ ದಿನ ಕೋಹ್‌ಗೆ ಫೋನ್ ಮಾಡಿದೆ. ಬಂದು ನಕ್ಷೆ ನೋಡಿ ತಲೆ ಕೆರೆದುಕೊಂಡ. "ಆಂಟಿ, ಬಾಸ್ ನಾಟ್ ಹಿಯರ್, ಹೌ ಟು ಕಟ್?" ಎಂದ. ಮೆಟ್ಟಿಲ ಮೇಲೆ ವತ್ಸಲಕ್ಕ ನಿಂತಿದ್ದಳು. ಮೂರು ವರ್ಷದಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಕಟ್, ಮಿಸ್ಟರ್ ಕೋಹ್. ದಿಸ್ ಈಸ್ ಮೈ ಹೌಸ್ ಆಲ್ಸೋ" ಎಂದಳು. ಆಮೇಲೆ ಅವನಿಗೆ ಎಂಟುನೂರ ಎಪ್ಪತ್ತರ ಅರ್ಥ ಬಿಡಿಸಿ ಹೇಳಿದೆ. ಅವನು ನಗಲಿಲ್ಲ. "ಮೈ ವರ್ಕರ್ಸ್, ತ್ರೀ ಮಂತ್ಸ್ ಇನ್‌ಸೈಡ್ ಹಿಯರ್. ದೆ ಓಕೆ ಆರ್ ನಾಟ್?" ಎಂದು ಕೇಳಿದ. ಮೂರು ತಿಂಗಳಿಗೆ ಹೆದರಬೇಕಾಗಿಲ್ಲ, ವರ್ಷಗಟ್ಟಲೆ ಇರುವವರ ಮಾತು ಬೇರೆ ಎಂದೆ. ಅವನ ಕಣ್ಣು ನನ್ನ ಮಂಚದ ಕಡೆ ಹೋಯಿತು. ಎರಡು ದಿನದಲ್ಲಿ ನೆಲ ಕೊರೆದು, ಪೈಪು ಏರಿಸಿ, ಫ್ಯಾನು ಕೂರಿಸಿ ಹೋದ. ಕೆಳಗೆ ಇರುವವರ ಬಗ್ಗೆ ಕೇಳಿದ ಮೊದಲನೆಯ ಮನುಷ್ಯ ಅವನು.

ಭಾವ ವಾಪಸ್ ಬಂದ ದಿನ ಏನಾಯಿತೆಂದು ಅಣ್ಣನಿಗೆ ಗೊತ್ತಿಲ್ಲ, ಬರೆಯುತ್ತೇನೆ. ಹೊರಗೋಡೆಯ ಪೈಪು ನೋಡಿ ಭಾವ, "ಏನಿದು, ಫ್ಯಾಕ್ಟರಿ ಚಿಮಣಿ ಥರ? ನೇಬರ್ಸ್ ಏನಂದ್ಕೋತಾರೆ? ನಾಳೆನೇ ತೆಗೆಸ್ತೀನಿ" ಎಂದು ಕೂಗಾಡಿದರು. ವತ್ಸಲಕ್ಕ ಅನ್ನ ಬಡಿಸುತ್ತಲೇ, "ತೆಗೆಸಿ. ತೆಗೆಸಿದ ದಿನ ನಿಮ್ಮ ಹಾಸಿಗೆ ಕೆಳಗೆ ಹಾಕಿಸ್ತೀನಿ" ಎಂದಳು. ಧೃತಿ, "ಅಪ್ಪ, ಪೈಪ್ ಇದ್ರೆ ಸೇಫ್ ಲಾ. ಚಿಕ್ಕಮ್ಮ ಗ್ರಾಫ್ ಹಾಕಿ ಎಕ್ಸ್‌ಪ್ಲೇನ್ ಮಾಡಿದ್ರು" ಎಂದಳು. ಪೈಪು ಇದೆ.

ಮೇ ತಿಂಗಳಿನಿಂದ ಮೂರು ತಿಂಗಳು ಹೊಸ ಲೋಟ ತೂಗುಹಾಕಿದ್ದೆ. ಶ್ರೀಕಂಠ ಅವರಿಗೆ ನಾನೇ ಬರೆದು ತರಿಸಿಕೊಂಡಿದ್ದೆ, ಅಣ್ಣನಿಗೆ ಹೇಳಬಾರದೆಂದು ಕೇಳಿಕೊಂಡಿದ್ದೆ. ಅವರು ಎಣಿಸಿ ಕಳಿಸಿದ್ದಾರೆ. ಅರವತ್ತನಾಲ್ಕು. ನಾಲ್ಕು ಮೂಲೆಯಲ್ಲೂ ಸುಮಾರು ಅಷ್ಟೇ.

ಅಂಕಿ ಬಂದ ಮರುದಿನವೇ ಭಾವ, ಪಿಯಾನೊ ಮತ್ತೆ ಕೆಳಗೆ ತರಬಹುದಲ್ಲ ಎಂದರು. ತನ್ನಿ. ನಾನು ಮಂಗಳವಾರ ಹೊರಡುತ್ತೇನೆ. ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿದೆ. ಅಲ್ಲೇ ಇರಲು ರೂಮು ಕೊಡುತ್ತಾರೆ. ಎರಡು ಕಿಟಕಿ ಇವೆಯಂತೆ. ನಲವತ್ತೆರಡಕ್ಕೆ ಯಾರು ಕೊಡುತ್ತಾರೆ ಎಂದು ಭಾವ ಕೇಳಿದ್ದರು. ಕೊಡುವವರು ಕೊಟ್ಟರು. ಅಣ್ಣ, ನಿನ್ನ ಬಾಡಿಗೆಯವರನ್ನು ಏಳಿಸುವ ಕಷ್ಟ ಬೇಡ. ಮಳೆಗಾಲವೂ ಆರಾಮವಾಗಿ ಕಳೆಯಲಿ.

ಹೊರಡುವವಳು ಪೈಪು ಯಾಕೆ ಹಾಕಿಸಿದೆ ಎಂದು ನಿಮಗೆ ಅನಿಸಬಹುದು. ಕೆಲಸ ಸಿಗುವುದು ಏಪ್ರಿಲ್‌ನಲ್ಲಿಯೇ ಖಚಿತವಾಗಿತ್ತು. ಆದರೆ ನಾನು ಹೋದ ಮೇಲೆ ಮನೆಗೆಲಸಕ್ಕೆ ಇಂಡೋನೇಷ್ಯಾದಿಂದ ಒಬ್ಬಾಕೆ ಬರುತ್ತಾಳೆ, ಮಂಚ ಅದೇ ಮಂಚ, ಜಾಗವೂ ಅದೇ ಕೆಳಗೆ. ಅವಳಿಗೆ ಇಬ್ಬರು ಮಕ್ಕಳಿದ್ದಾರಂತೆ. ಅವಳ ಬಗ್ಗೆ ನೀವಿಬ್ಬರೂ ಪತ್ರ ಬರೆದುಕೊಳ್ಳುವುದೂ ಇಲ್ಲ.

ನನ್ನ ಬಗ್ಗೆಯಾದರೋ ಬರೆದಿರಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರನ್ನೊಬ್ಬರು ಹೆಗ್ಗಣ, ನೀಚ ಎಂದು ಅಲಂಕಾರವಾಗಿ ಬೈದುಕೊಂಡಿರಿ. ನನ್ನ ಉಸಿರು ನಿಮಗೆ ಒಳ್ಳೆಯ ವಿಷಯವಾಯಿತು. ಯಾರು ಗೆದ್ದಿರೋ ನನಗೆ ಗೊತ್ತಾಗಲಿಲ್ಲ. ಅಷ್ಟು ಪತ್ರಗಳಲ್ಲಿ ನನ್ನ ಹೆಸರಿಗೆ ಒಂದೂ ಬರಲಿಲ್ಲ. ಕೆಮ್ಮು ಇದೆಯೇ, ನಿದ್ದೆ ಬರುತ್ತದೆಯೇ, ಕೆಳಗೆ ಹೆದರಿಕೆಯಾಗುತ್ತದೆಯೇ ಎಂದು ಒಂದು ಕಾಗದ, ಮೆಟ್ಟಿಲ ಮೇಲಿಂದ ಒಂದು ಮಾತು, ಯಾವುದೂ ಬರಲಿಲ್ಲ. ಮೊದಮೊದಲು ಪೋಸ್ಟ್‌ಮ್ಯಾನ್ ಬಂದಾಗ ನೋಡುತ್ತಿದ್ದೆ. ಆಮೇಲೆ ನೋಡುವುದು ಬಿಟ್ಟೆ.

ಫ್ಯಾನು ಹಗಲೂ ರಾತ್ರಿ ಓಡುತ್ತಿರಬೇಕು. ಸ್ವಿಚ್ಚಿನ ಮೇಲೆ ಟೇಪು ಸುತ್ತಿದ್ದೇನೆ. ಆರಿಸಬಾರದು. ವರ್ಷಕ್ಕೊಮ್ಮೆ ಲೋಟ ತೂಗುಹಾಕಿ ಅಳೆಯಬೇಕು, ಅದನ್ನು ಧೃತಿಗೆ ಕಲಿಸಿದ್ದೇನೆ. ಯಾರಾದರೂ ಫ್ಯಾನು ನಿಲ್ಲಿಸಿದರೆ ಅವಳು ನನಗೆ ಬರೆಯುತ್ತಾಳೆ. ನನ್ನ ವಿಳಾಸ ಅವಳ ಹತ್ತಿರ ಇದೆ, ವತ್ಸಲಕ್ಕನ ಹತ್ತಿರ ಇದೆ. ನಿಮ್ಮಿಬ್ಬರಿಗೂ ಕೊಡಬಾರದೆಂದು ಹೇಳಿದ್ದೇನೆ.

ಮೈಥಿಲಿ